ಚೆಲ್ಲಿದ ಮಳೆ ಎಲ್ಲಿಗೆ ಹೋಗುತ್ತದೆ?

ನಮ್ಮ ಕೊಡಗಿನಲ್ಲಿ ಕಾಫಿ ತೋಟ ಇರುವ ಎಷ್ಟೋ ಮನೆಗಳಲ್ಲಿ ಮಳೆ ಪುಸ್ತಕ ಅಂತ ಒಂದು ಇರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಅಂಗಳದ ರೈನ್ ಗೇಜ್ ತೆಗೆದು, ಅದರಲ್ಲಿ ಸೇರಿದ ನೀರನ್ನು ಅಳತೆ ಗ್ಲಾಸಿಗೆ ಸುರಿದು, ಇಷ್ಟು ಇಂಚು ಇಷ್ಟು ಸೆಂಟು ಅಂತ ಬರೆದಿಡುವ ಪುಸ್ತಕ. ನೂರು ಸೆಂಟಿಗೆ ಒಂದು ಇಂಚು. ಮಳೆಗಾಲದಲ್ಲಿ ದಾರಿಯಲ್ಲಿ ಯಾರಾದರೂ ಸಿಕ್ಕಿದರೆ "ಚೆನ್ನಾಗಿದ್ದೀರಾ" ಅನ್ನುವ ಮೊದಲು "ನಿಮ್ಮಲ್ಲಿ ಎಷ್ಟು ಬಂತು?" ಅಂತ ಕೇಳುವುದು ನಮ್ಮ ರೂಢಿ. ಅಪ್ಪ ಬರೆದಿಟ್ಟ ಮಳೆ ಪುಸ್ತಕಗಳು ನಮ್ಮ ಮನೆಯಲ್ಲಿ ಒಂದು ಪೆಟ್ಟಿಗೆ ತುಂಬ ಇವೆ.

ಇದನ್ನು ಮೊದಲೇ ಹೇಳಿದ್ದು ಯಾಕೆಂದರೆ, ಏಳನೇ ಕ್ಲಾಸಿನ ಒಬ್ಬ ಹುಡುಗಿ ಬರೆದ ಕತೆ ಇಂಥದ್ದೇ ಒಂದು ರೈನ್ ಗೇಜಿನಿಂದ ಶುರುವಾಗುತ್ತದೆ. ಆ ಕತೆಗೆ ಆದ ಅನ್ಯಾಯ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಭಾನುವಾರ ಮಧ್ಯಾಹ್ನ ನಮ್ಮ ಜಗುಲಿಯಲ್ಲಿ ಹತ್ತು ಹನ್ನೆರಡು ಮಕ್ಕಳು ಸೇರುತ್ತಾರೆ. ಅಕ್ಕಪಕ್ಕದ ಮನೆಯವರು, ತೋಟದ ಕೆಲಸಗಾರರ ಲೈನ್ ಮನೆಯವರು. ನಾನು ಓದುತ್ತೇನೆ, ಆಮೇಲೆ ಅವರು ತಮ್ಮ ಕತೆ ಹೇಳುತ್ತಾರೆ. ಅವತ್ತು ಮಳೆ ಹೊಡೆಯುತ್ತಿತ್ತು. ಕರೆಂಟು ಹೋಗಿ ಎರಡು ದಿನ ಆಗಿತ್ತು. ಹಂಚಿನ ಮೇಲಿನ ಸದ್ದಿಗೆ ಅವಳು ಕೂಗಿ ಕೂಗಿ ಹೇಳಬೇಕಾಯಿತು. ಒಬ್ಬ ಅಜ್ಜ ಇದ್ದಾನೆ. ಅವನ ರೈನ್ ಗೇಜಿನಲ್ಲಿ ಬೆಳಿಗ್ಗೆ ಸಿಗುವುದು ನಿನ್ನೆಯ ಮಳೆ ಅಲ್ಲ, ನಾಳೆಯ ಮಳೆ. ಅಷ್ಟು ಹೇಳುವಷ್ಟರಲ್ಲಿ ಪ್ರಶ್ನೆ ಶುರುವಾಯಿತು.

"ಹಾಗಾದ್ರೆ ಆ ನೀರನ್ನ ಚೆಲ್ಲಿಬಿಟ್ರೆ ನಾಳೆ ಮಳೆ ಬರಲ್ವಾ?"

ಅವಳು ಸ್ವಲ್ಪ ಯೋಚಿಸಿ "ಬರಲ್ಲ" ಅಂದಳು.

"ಹಾಗಾದ್ರೆ ಚೆಲ್ಲಿದ ಮಳೆ ಎಲ್ಲಿಗೆ ಹೋಯ್ತು? ಎಲ್ಲಾದ್ರೂ ಹೋಗ್ಬೇಕಲ್ಲ?" ಇದನ್ನು ಕೇಳಿದ್ದು ಲೈನ್ ಮನೆಯ ಹುಡುಗ, ಮೂರನೇ ಕ್ಲಾಸಿನವನು.

ಅವಳ ಬಳಿ ಉತ್ತರ ಇರಲಿಲ್ಲ. ಒಂದು ವಾರ ತೆಗೆದುಕೊಂಡಳು.

ಮುಂದಿನ ಭಾನುವಾರ ನೋಟ್‌ಬುಕ್ ತಂದಳು. ಮಳೆ ಜಾಸ್ತಿಯಾದರೆ ಕಾಫಿ ಕಾಯಿ ಉದುರುತ್ತದೆ, ಕೊಳೆರೋಗ ಬರುತ್ತದೆ. ಅದಕ್ಕೆ ಅಜ್ಜ ಪ್ರತಿ ವರ್ಷ ಒಂದಿಷ್ಟು ದಿನದ ಮಳೆಯನ್ನು ಚೆಲ್ಲುತ್ತಾನೆ. ಚೆಲ್ಲಿದ ದಿನ ಪುಸ್ತಕದಲ್ಲಿ ಏನೂ ಬರೆಯುವುದಿಲ್ಲ, ಗೆರೆ ಖಾಲಿ ಬಿಡುತ್ತಾನೆ. ಆದರೆ ಚೆಲ್ಲಿದ ಮಳೆ ಎಲ್ಲಿಗೂ ಹೋಗಿಲ್ಲ. ಮನೆಯ ಹಿಂದಿನ ಬೆಟ್ಟದ ಹೊಟ್ಟೆಯಲ್ಲಿ ಸೇರುತ್ತಾ ಇದೆ. ಅಜ್ಜ ತೀರಿಕೊಂಡ ಮೇಲೆ ಮೊಮ್ಮಗಳು ಹಳೆಯ ಪುಸ್ತಕಗಳನ್ನು ತೆಗೆದು ಖಾಲಿ ಗೆರೆಗಳನ್ನು ಒಂದೊಂದಾಗಿ ಎಣಿಸುತ್ತಾಳೆ. ಆಗಸ್ಟ್ ತಿಂಗಳ ಒಂದು ಸಂಜೆ ಲೆಕ್ಕ ಮುಗಿಯುತ್ತದೆ. ರಾತ್ರಿ ಆಗುವ ಮೊದಲು ಎಲ್ಲರೂ ಮನೆ ಬಿಡಬೇಕು ಅಂತ ಅವಳು ಊರಿಡೀ ಓಡುತ್ತಾಳೆ.

ಜಗುಲಿಯಲ್ಲಿ ಒಬ್ಬರೂ ಮಾತಾಡಲಿಲ್ಲ. ಮಳೆಗೆ ಬೆಟ್ಟಗಳು ಕುಸಿದ 2018ರ ಆಗಸ್ಟ್ ಅಂದರೆ ಏನು ಅಂತ ನಮ್ಮ ಜಿಲ್ಲೆಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಮಕ್ಕಂದೂರು, ಜೋಡುಪಾಲದ ಹೆಸರು ಕೇಳಿದರೆ ಈಗಲೂ ಎದೆ ಝಲ್ ಅನ್ನುತ್ತದೆ. ಈ ಹುಡುಗಿಯ ಮನೆಯವರೂ ಆಗ ಉಟ್ಟ ಬಟ್ಟೆಯಲ್ಲಿ ಬಂದವರೇ. ಅವಳಿಗಾಗ ಐದು ವರ್ಷ. ಆ ರಾತ್ರಿಯ ಬಗ್ಗೆ ಅವಳು ಒಂದು ಮಾತು ಆಡಿದ್ದನ್ನೂ ನಾನು ಕೇಳಿರಲಿಲ್ಲ.

ಈ ಕತೆಯನ್ನು ಮಕ್ಕಳ ಕತೆ ಸ್ಪರ್ಧೆಯೊಂದಕ್ಕೆ ಕಳಿಸಿದೆವು. ಬಹುಮಾನ ಬರದಿದ್ದರೆ ಬೇಡ. ಆದರೆ ವಾಪಸ್ ಬಂದ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಹೀಗೆ ಬರೆದಿತ್ತು: "ನೀತಿ ಏನು? ಮಳೆ ಹೀಗೆ ಬರುವುದಿಲ್ಲ." ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನ ಒಳಜೇಬಿಗೆ ಹಾಕಿಕೊಂಡಳು.

ಮಳೆ ಹೀಗೆ ಬರುವುದಿಲ್ಲ ಅಂತ ಕೊಡಗಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವಳ ಕತೆಯಲ್ಲಿ ನೋಡಬೇಕಾಗಿದ್ದದ್ದು ಬೇರೆ. ಒಂದೇ ಒಂದು ವಿಷಯವನ್ನು ಬದಲಾಯಿಸಿ, ಅದರಿಂದ ಏನೇನಾಗುತ್ತದೆ ಅಂತ ಕೊನೆಯವರೆಗೆ ಬಿಡದೆ ಹೋಗಿದ್ದಾಳೆ. ಎಲ್ಲೂ ಮೋಸ ಮಾಡಿಲ್ಲ. ಫ್ಯಾಂಟಸಿ ಅನ್ನುವ ಅದ್ಭುತ ಕತೆಗೂ ವಿಜ್ಞಾನ ಕತೆಗೂ ಜೀವ ಇರುವುದು ಅಲ್ಲೇ. ಮಕ್ಕಳಿಗೆ ಬರೆಯುವ ಇಂಥ ಕತೆಗೆ ನೀತಿ ಬೇಕಿಲ್ಲ, ನಿಯಮ ಬೇಕು. ನೀತಿಯನ್ನು ದೊಡ್ಡವರು ಕೊನೆಯಲ್ಲಿ ತಂದು ಅಂಟಿಸುತ್ತಾರೆ. ನಿಯಮ ಮೊದಲ ಸಾಲಿನಿಂದಲೇ ಇರಬೇಕು, ಬರೆದವರೂ ಅದನ್ನು ಮುರಿಯುವ ಹಾಗಿಲ್ಲ.

ನಮ್ಮಲ್ಲಿ ಬರುವ ಮಕ್ಕಳ ಪುಸ್ತಕಗಳನ್ನು ಕೊಂಡು ತಂದು ಓದುವವಳು ನಾನು. ಬೇಜಾರಿನಿಂದಲೇ ಹೇಳುತ್ತೇನೆ, ಎಷ್ಟೋ ಕತೆಗಳಲ್ಲಿ ಮಂತ್ರದ ಕೋಲು ಬೀಸಿದರೆ ಏನು ಬೇಕಾದರೂ ಆಗುತ್ತದೆ. ಏನು ಬೇಕಾದರೂ ಆಗುವುದಾದರೆ ಮಗು ಯಾಕೆ ಉಸಿರು ಬಿಗಿಹಿಡಿದು ಕೂರಬೇಕು? ವಿಜ್ಞಾನ ಕತೆ ಅಂತ ಬರುವ ಕೆಲವದರಲ್ಲಿ ರೋಬೋಟ್ ಬಂದು ಪ್ಲಾಸ್ಟಿಕ್ ಬಳಸಬೇಡಿ ಅಂತ ಭಾಷಣ ಮಾಡಿ ಹೋಗುತ್ತದೆ. ಮಕ್ಕಳು ಅಂಥ ಪುಟಗಳನ್ನು ಹಾರಿಸುತ್ತಾರೆ, ಕಣ್ಣಾರೆ ನೋಡಿದ್ದೇನೆ. ನಾವು ಚಿಕ್ಕವರಿದ್ದಾಗ ಬಾಲಮಂಗಳ ಪತ್ರಿಕೆಯ ಡಿಂಗನಿಗೆ ಹುಚ್ಚರ ಹಾಗೆ ಕಾಯುತ್ತಿದ್ದೆವು. ಅವನು ಒಂದು ಪುಟ್ಟ ಇಲಿ. ಬೇರೆ ಗ್ರಹದವರು ಹೊತ್ತುಕೊಂಡು ಹೋಗಿ ಪ್ರಯೋಗ ಮಾಡಿದ್ದರಿಂದ ಅವನಿಗೆ ಶಕ್ತಿ ಬಂದದ್ದು. ಆ ಒಂದು ಕಾರಣ ಇದ್ದದ್ದಕ್ಕೇ ನಾವು ಉಳಿದದ್ದನ್ನೆಲ್ಲ ನಂಬಿದೆವು.

"ಚೆಲ್ಲಿದ ಮಳೆ ಎಲ್ಲಿಗೆ ಹೋಯ್ತು" ಅಂತ ಆ ಹುಡುಗ ಕೇಳಿದಾಗ ನನ್ನ ಮೈ ಜುಮ್ಮೆಂದಿತು. ಯಾಕೆ ಗೊತ್ತಾ? ಉರ್ಸುಲಾ ಲೆ ಗ್ವಿನ್ ಅನ್ನುವ ಅಮೆರಿಕದ ಲೇಖಕಿ 1968ರಲ್ಲಿ 'ಎ ವಿಝರ್ಡ್ ಆಫ್ ಅರ್ತ್‌ಸೀ' ಅಂತ ಒಂದು ಕಾದಂಬರಿ ಬರೆದರು. ಹರೆಯದ ಮಕ್ಕಳಿಗಾಗಿಯೇ ಬರೆದದ್ದು. ನೂರಾರು ದ್ವೀಪಗಳ ಲೋಕ, ಮಂತ್ರ ಕಲಿಸುವ ಶಾಲೆ, ಕಂದು ಮೈಬಣ್ಣದ ಹುಡುಗ. ಅಲ್ಲಿ ಮಂತ್ರ ಹಾಕಿ ಒಂದು ದ್ವೀಪಕ್ಕೆ ಮಳೆ ತರಿಸಿದರೆ ಇನ್ನೊಂದು ದ್ವೀಪದಲ್ಲಿ ಬರ ಬೀಳಬಹುದು. ಅದಕ್ಕೇ ದೊಡ್ಡ ಮಾಂತ್ರಿಕರು ಸುಮ್ಸುಮ್ನೆ ಮಂತ್ರ ಹಾಕುವುದಿಲ್ಲ. ಆ ಪುಸ್ತಕವನ್ನು ಕಣ್ಣಿಂದಲೂ ನೋಡದ ನಮ್ಮ ಹುಡುಗ, ಒದ್ದೆ ಅಂಗಿಯಲ್ಲಿ ಕೂತು ಅದೇ ಪ್ರಶ್ನೆ ಕೇಳಿದ್ದ.

ಮಳೆಗೂ ಇಂಥ ಕತೆಗಳಿಗೂ ಹಳೆಯ ನಂಟಿದೆ. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಪರಿಣಾಮವಾಗಿ ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ, ಬರೀ ಚಳಿ, ಮಳೆ. ಜಿನೀವಾ ಸರೋವರದ ದಡದ ಮನೆಯಲ್ಲಿ ಕೆಲವು ಗೆಳೆಯರು ಹೊರಗೆ ಹೋಗಲಾಗದೆ ಕೂತರು. ಒಬ್ಬೊಬ್ಬರೂ ಒಂದು ದೆವ್ವದ ಕತೆ ಬರೆಯೋಣ ಅಂದರು. ಅವರಲ್ಲಿ ಮೇರಿ ಅನ್ನುವ ಹುಡುಗಿಗೆ ಆಗ 18 ವರ್ಷ. ಅವಳು ಶುರು ಮಾಡಿದ ಕತೆ 1818ರಲ್ಲಿ 'ಫ್ರಾಂಕೆನ್‌ಸ್ಟೈನ್' ಆಗಿ ಬಂತು. ಒಬ್ಬ ವಿಜ್ಞಾನಿ ಒಂದು ಜೀವವನ್ನು ಮಾಡಿ, ಹೆದರಿ, ಅದನ್ನು ಬಿಟ್ಟು ಓಡುತ್ತಾನೆ. ಮುಂದಿನದ್ದೆಲ್ಲ ಅದರಿಂದಲೇ ಬರುತ್ತದೆ. ಮಳೆಗೆ ಮನೆಯೊಳಗೆ ಕೂತು ಕತೆ ಹೇಳುವುದು ನಮಗೆ ಹೊಸದಲ್ಲ, ಅಲ್ವಾ?

ವಿಜ್ಞಾನ ಗೊತ್ತಿದ್ದವರು ಹೀಗೆಲ್ಲ ಬರೆಯಲ್ಲ ಅನ್ನುವವರಿಗೆ ಇನ್ನೆರಡು ವಿಷಯ ಹೇಳಬೇಕು. ಜಗದೀಶ್ ಚಂದ್ರ ಬೋಸ್ 1896ರಲ್ಲಿ ಬಂಗಾಳಿಯಲ್ಲಿ ಒಂದು ಕತೆ ಬರೆದರು. ಸಮುದ್ರದಲ್ಲಿ ಎದ್ದ ಚಂಡಮಾರುತ, ತಲೆಗೆ ಹಚ್ಚುವ ಎಣ್ಣೆಯ ಒಂದು ಬಾಟಲಿ ಸುರಿದದ್ದಕ್ಕೆ ತಣ್ಣಗಾಗುತ್ತದೆ. ಎಣ್ಣೆ ಬಿದ್ದರೆ ನೀರಿನ ಮೇಲಿನ ಅಲೆ ಅಡಗುತ್ತದೆ ಅನ್ನುವ ನಿಜದ ಸಂಗತಿಯನ್ನೇ ಹಿಡಿದು ಎಳೆದಿದ್ದಾರೆ. ಅದೂ ಸ್ಪರ್ಧೆಗೆ ಬರೆದ ಕತೆಯೇ, ಎಣ್ಣೆ ಕಂಪನಿಯವರು ನಡೆಸಿದ ಸ್ಪರ್ಧೆ. ಖಗೋಳ ವಿಜ್ಞಾನಿ ಜಯಂತ್ ನಾರ್ಳೀಕರ್ 1974ರಲ್ಲಿ ಮರಾಠಿ ವಿಜ್ಞಾನ ಕತೆ ಸ್ಪರ್ಧೆಗೆ ಬೇರೆ ಹೆಸರಿನಲ್ಲಿ ಕಳಿಸಿದರು. ತಮ್ಮ ಹೆಸರು ನೋಡಿ ಬಹುಮಾನ ಕೊಡುವುದು ಬೇಡ ಅಂತ. ಮೊದಲ ಬಹುಮಾನ ಬಂತು. ಬೋಸರ ಹಾಳೆಗಳ ಮೇಲೆ ಯಾರಾದರೂ "ಬಿರುಗಾಳಿ ಹೀಗೆ ನಿಲ್ಲುವುದಿಲ್ಲ" ಅಂತ ಬರೆದಿದ್ದರೆ?

ಕನ್ನಡದಲ್ಲಿ ಇದಕ್ಕೆ ನೆಲ ಇಲ್ಲ ಅಂತಲೂ ಹೇಳುವ ಹಾಗಿಲ್ಲ. ಕಾರಂತರು 1936ರಲ್ಲೇ ಮಕ್ಕಳಿಗೆ 'ಬಾಲ ಪ್ರಪಂಚ' ಕೊಟ್ಟರು. ನಮ್ಮ ಮಡಿಕೇರಿಯಲ್ಲೇ ಹುಟ್ಟಿದ ಜಿ.ಟಿ. ನಾರಾಯಣರಾವ್ ನಕ್ಷತ್ರಗಳನ್ನು ಕನ್ನಡದಲ್ಲಿ ತೋರಿಸಿದರು. ರಾಜಶೇಖರ ಭೂಸನೂರಮಠರು ವಿಜ್ಞಾನ ಕತೆಗಳನ್ನು ಬರೆಯುತ್ತಲೇ ಹೋದರು. ಮಾತು ಇದೆ, ದಾರಿ ಇದೆ.

ಮತ್ತೆ, ನಿಯಮ ಇರುವ ಅದ್ಭುತ ಬೇಕಾದರೆ ಕೊಡಗಿನ ಮಕ್ಕಳು ದೂರ ಹೋಗಬೇಕಾಗಿಲ್ಲ. ಕಕ್ಕಡ 18ನ್ನೇ ನೋಡಿ, ಅಂದರೆ ಕೊಡವರ ಕಕ್ಕಡ ತಿಂಗಳ 18ನೇ ದಿನ. ಆ ಒಂದು ದಿನ ಮದ್ದು ಸೊಪ್ಪಿನಲ್ಲಿ 18 ಬಗೆಯ ಮದ್ದು ಸೇರಿರುತ್ತದೆ ಅನ್ನುವ ನಂಬಿಕೆ. ಬೇರೆ ದಿನ ಅದು ಬರೀ ಸೊಪ್ಪು. ಬೇಯಿಸಿದರೆ ನೀರು ಕಡು ನೇರಳೆ ಆಗುತ್ತದೆ, ಪಾಯಸ ನೇರಳೆ ಆಗುತ್ತದೆ, ಆಮೇಲೆ ಮೂತ್ರವೂ ಕೆಂಪಾಗುತ್ತದೆ. "ನಿಂಗೆ ಬಂತಾ? ನಂಗೆ ಬಂತು!" ಅಂತ ಮಕ್ಕಳು ಮರುದಿನ ಒಬ್ಬರನ್ನೊಬ್ಬರು ಕೇಳುವುದನ್ನು ನೀವೂ ಕೇಳಿರಬಹುದು. ದಿನ, ಗಿಡ, ಗುರುತು, ಎಲ್ಲ ಸರಿಯಾಗಿ ಗೊತ್ತುಮಾಡಿದ ಮಾಯೆ ಅದು. ಇನ್ನು ದೇವರಕಾಡು. ಈ ಪುಟ್ಟ ಜಿಲ್ಲೆಯಲ್ಲಿ 1200ಕ್ಕೂ ಹೆಚ್ಚು ಇವೆ. ಒಣ ಕಡ್ಡಿಯನ್ನೂ ಅಲ್ಲಿಂದ ಮನೆಗೆ ತರಬಾರದು ಅಂತ ನಮಗೆ ಹೇಳಿ ಬೆಳೆಸಿದರು. ತಂದರೆ ಏನಾಗುತ್ತೆ? ಆ ಪ್ರಶ್ನೆಯನ್ನು ಒಬ್ಬರು ಲೇಖಕರು ಗಟ್ಟಿಯಾಗಿ ಹಿಡಿದರೆ ಇನ್ನೂರು ಪುಟದ ಕಾದಂಬರಿ ಇದೆ. ಅಂಥದ್ದೊಂದು ಬಂದರೆ ಹತ್ತು ಪ್ರತಿ ನಾನೇ ಕೊಳ್ಳುತ್ತೇನೆ, ಜಗುಲಿಯಲ್ಲಿ ಓದಿಸುತ್ತೇನೆ.

ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ, ಸ್ಪರ್ಧೆಗಳಿಗೆ ತೀರ್ಪು ಕೊಡುವವರಲ್ಲಿ ನನ್ನದೊಂದು ಬೇಡಿಕೆ. ಮಗು ಇಂಥ ಕತೆ ತಂದರೆ ನೀತಿ ಕೇಳಬೇಡಿ. ಆ ಮೂರನೇ ಕ್ಲಾಸಿನ ಹುಡುಗನ ಹಾಗೆ "ಹಾಗಾದ್ರೆ?" ಅಂತ ಕೇಳಿ. ಆ ಪ್ರಶ್ನೆ ಅವಳನ್ನು ಒಂದು ವಾರ ಯೋಚನೆಗೆ ಹಚ್ಚಿತು. ಕೆಂಪು ಶಾಯಿ ಒಂದು ತಿಂಗಳು ಪೆನ್ನು ಮುಟ್ಟದ ಹಾಗೆ ಮಾಡಿತು.

ಹೋದ ಭಾನುವಾರ ಅವಳು ಎಲ್ಲರಿಗಿಂತ ಮೊದಲೇ ಬಂದಳು. ಕತೆಯ ಮುಂದಿನ ಭಾಗ ಬರೆಯುತ್ತಿದ್ದಾಳಂತೆ. "ಅಕ್ಕಾ, 2018ರದ್ದು ನಿಮ್ಮ ಮಳೆ ಪುಸ್ತಕ ಇದೆಯಾ? ನಂಗೆ ನಿಜವಾದ ಲೆಕ್ಕ ಬೇಕು" ಅಂದಳು. ಪೆಟ್ಟಿಗೆ ತೆಗೆದೆ. ಪುಟಗಳಿಗೆ ಮುಗ್ಗು ವಾಸನೆ. ಇಬ್ಬರೂ ಕೂತು ಆಗಸ್ಟ್ ತಿಂಗಳು ಹುಡುಕಿದೆವು. ದಿನಕ್ಕೊಂದು ಸಾಲು, ಅಪ್ಪನ ಗುಂಡಗಿನ ಅಕ್ಷರ, ಇಂಚು, ಸೆಂಟು. ತಿಂಗಳ ನಡುವೆ ಒಂದು ದಿನದ ಸಾಲಿನಲ್ಲಿ ಅಂಕಿ ಇರಲಿಲ್ಲ. ಅಪ್ಪ ಅಲ್ಲಿ ಬರೆದದ್ದು ಎರಡೇ ಮಾತು: "ತುಂಬಿ ಚೆಲ್ಲಿದೆ."

ಅವಳು ಆ ಸಾಲಿನ ಮೇಲೆ ಸ್ವಲ್ಪ ಹೊತ್ತು ಬೆರಳಿಟ್ಟುಕೊಂಡು ಕೂತಳು. ಆಮೇಲೆ ತನ್ನ ನೋಟ್‌ಬುಕ್ ತೆಗೆದು ಅದನ್ನು ಹಾಗೇ ಇಳಿಸಿಕೊಂಡಳು, ತಾರೀಖಿನ ಸಮೇತ.