ಶನಿವಾರ ಬೆಳಗ್ಗೆ 9 ಗಂಟೆಯನ್ನು ಯಾರಿಗೂ ಮಾರಬೇಡಿ

ಈ ಸೆಪ್ಟೆಂಬರ್‌ಗೆ ಓದಲು ಹೊರದೇಶಕ್ಕೆ ಹೊರಟಿರುವವರು ನನ್ನ ಇನ್‌ಬಾಕ್ಸ್‌ನಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಕುಕ್ಕರ್ ತರಬೇಕಾ? ರೂಮ್ ಬಾಡಿಗೆ ಎಷ್ಟು? ಪಾರ್ಟ್‌ಟೈಮ್ ಕೆಲಸ ಸಿಗುತ್ತಾ? ಶನಿವಾರ, ಭಾನುವಾರ ಏನು ಮಾಡ್ತೀರಿ ಅಂತ ಮಾತ್ರ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದೇ ಅದು.

ನಾನು ಮಾಸ್ಟರ್ಸ್ ಮಾಡುತ್ತಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ವಾರಕ್ಕೆ ಕ್ಲಾಸ್ ಇರುವುದು ಕೆಲವೇ ಗಂಟೆ, ಉಳಿದದ್ದನ್ನೆಲ್ಲ ನಾವೇ ಕೂತು ಓದಿಕೊಳ್ಳಬೇಕು. ಶುಕ್ರವಾರ ಕ್ಲಾಸ್ ಮುಗಿಸಿ ಬಂದು ರೂಮಿನ ಬಾಗಿಲು ಹಾಕಿಕೊಂಡರೆ ಸೋಮವಾರದ ತನಕ ಒಬ್ಬರೂ ನಿಮ್ಮನ್ನು ಹೆಸರು ಹಿಡಿದು ಕರೆಯದೇ ಇರಬಹುದು. ಅಕ್ಟೋಬರ್ ಕೊನೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಡಿಸೆಂಬರ್‌ನಲ್ಲಿ ಬೆಳಕಾಗುವುದೇ 8 ದಾಟಿದ ಮೇಲೆ, ಮತ್ತೆ 4 ಗಂಟೆಗೆ ಮೊದಲೇ ಸೂರ್ಯ ಮುಳುಗಿರುತ್ತಾನೆ. ತಡವಾಗಿ ಎದ್ದರೆ ಆ ದಿನ ಹಗಲು ನೋಡಿದ ಹಾಗೇ ಇರುವುದಿಲ್ಲ. ಮನೆ ತುಂಬ ಜನರ ನಡುವೆ ದಾವಣಗೆರೆಯಲ್ಲಿ ಬೆಳೆದ ನನಗೆ ಈ ಎರಡು ದಿನ ಇಷ್ಟು ಉದ್ದ ಇರಬಹುದು ಅಂತ ಗೊತ್ತಿರಲಿಲ್ಲ.

ಹಾಗಾದರೆ ಎಲ್ಲರೂ ವೀಕೆಂಡ್ ಹೇಗೆ ಕಳೆಯುತ್ತಾರೆ? ನಮ್ಮವರಲ್ಲಿ ತುಂಬ ಜನ ಪಾರ್ಟ್‌ಟೈಮ್ ಕೆಲಸದ ಶಿಫ್ಟ್ ಮಾಡುತ್ತಾರೆ. ಟರ್ಮ್ ನಡೆಯುವಾಗ ಸ್ಟೂಡೆಂಟ್ ವೀಸಾದಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು. ಅದರಲ್ಲಿ ಹೆಚ್ಚಿನದನ್ನು ಶನಿವಾರ, ಭಾನುವಾರಕ್ಕೇ ತುಂಬುತ್ತಾರೆ. ಸಾಲ ಮಾಡಿ ಬಂದವರಿಗೆ ಬೇರೆ ದಾರಿ ಎಲ್ಲಿದೆ? ನನಗೂ ಸಾಲ ಇದೆ, ನಾನೂ ಕೆಲಸ ಮಾಡುತ್ತೇನೆ. ಇನ್ನು ಕೆಲವರು ನಮ್ಮವರ ಮನೆಯಲ್ಲೇ ಸೇರಿ ಅಡುಗೆ ಮಾಡಿ, ಸಿನಿಮಾ ಹಾಕಿಕೊಂಡು ಮಲಗುತ್ತಾರೆ. ಅದೂ ಬೇಕು.

ಇಲ್ಲಿಯ ಹುಡುಗರದ್ದು ಬೇರೆ ಲೋಕ. ಲೀಡ್ಸ್‌ನಲ್ಲಿ ಆಟ್ಲಿ ರನ್ ಅಂತ ಒಂದಿದೆ. ಓಡುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಗುಂಪು ಕಟ್ಟಿಕೊಂಡು, ವೇಷ ಹಾಕಿಕೊಂಡು, ಹೆಡಿಂಗ್ಲಿ ಕಡೆಯಿಂದ ಸಿಟಿವರೆಗೆ ಒಂದೊಂದೇ ಪಬ್‌ಗೆ ಹೊಕ್ಕು ಕುಡಿಯುತ್ತಾ ನಡೆಯುವುದು. ಕ್ಲಾಸಿನವರ ಜೊತೆ ನಾನೂ ಹೋಗಿದ್ದೇನೆ, ಕೈಯಲ್ಲಿ ಆರೆಂಜ್ ಜ್ಯೂಸ್ ಹಿಡಿದುಕೊಂಡು. ಯಾರೂ ಕುಡಿ ಅಂತ ಒತ್ತಾಯ ಮಾಡಲಿಲ್ಲ, ಚೆನ್ನಾಗಿಯೇ ನೋಡಿಕೊಂಡರು. ಆದರೆ ಆ ಗದ್ದಲದಲ್ಲಿ ನನ್ನ ಹೆಸರನ್ನು ಮೂರು ಸಲ ಹೇಳಬೇಕು, ಈ ಸೀಮೆಯ ಅವರ ಯಾರ್ಕ್‌ಶೈರ್ ಮಾತಿನ ಧಾಟಿ ನನಗೆ ಅರ್ಧ ಅರ್ಥವಾಗುವುದಿಲ್ಲ. ಮಾರನೇ ವಾರ ಕಾರಿಡಾರಿನಲ್ಲಿ ಸಿಕ್ಕರೆ ಇಬ್ಬರಿಗೂ ಏನು ಮಾತಾಡಬೇಕು ಅಂತ ತೋಚುವುದಿಲ್ಲ.

ನನಗೆ ಜನ ಸಿಕ್ಕಿದ್ದು ಅದೇ ದಾರಿಯ ಪಕ್ಕದ ವುಡ್‌ಹೌಸ್ ಮೂರ್ ಎಂಬ ಪಾರ್ಕಿನಲ್ಲಿ, ಶನಿವಾರ ಬೆಳಗ್ಗೆ 9 ಗಂಟೆಗೆ. ಪ್ರತಿ ವಾರ ಅಲ್ಲಿ ಪಾರ್ಕ್‌ರನ್ ನಡೆಯುತ್ತದೆ. 5 ಕಿಲೋಮೀಟರ್ ಓಟ. ದುಡ್ಡು ಕೊಡಬೇಕಿಲ್ಲ. ಆನ್‌ಲೈನ್‌ನಲ್ಲಿ ಒಮ್ಮೆ ಹೆಸರು ಬರೆಸಿದರೆ ಒಂದು ಬಾರ್‌ಕೋಡ್ ಸಿಗುತ್ತದೆ. 20ಕ್ಕೂ ಹೆಚ್ಚು ದೇಶಗಳ ಪಾರ್ಕ್‌ರನ್‌ಗಳಲ್ಲಿ ಎಲ್ಲೇ ಹೋದರೂ ಅದೇ ಬಾರ್‌ಕೋಡ್ ನಡೆಯುತ್ತದೆ. ಮುಗಿಸಿದಾಗ ಕೈಗೆ ಒಂದು ಟೋಕನ್ ಕೊಡುತ್ತಾರೆ, ಅದನ್ನೂ ಬಾರ್‌ಕೋಡನ್ನೂ ಸ್ಕ್ಯಾನ್ ಮಾಡಿಸಿದರೆ ನಿಮ್ಮ ಟೈಮ್ ಫೋನಿಗೆ ಬರುತ್ತದೆ. ಇಷ್ಟೇ.

ಇದು ಶುರುವಾದ ಕಥೆ ನನಗೆ ತುಂಬ ಇಷ್ಟ. 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಶಿ ಪಾರ್ಕಿನಲ್ಲಿ ಓಡಿದವರು ಬರೀ 13 ಜನ. ಶುರು ಮಾಡಿದ ಪಾಲ್ ಸಿಂಟನ್-ಹೆವಿಟ್ ಆಗ ಗಾಯವಾಗಿ ಓಡಲು ಆಗದೆ ಇದ್ದವರು, ಕೆಲಸವನ್ನೂ ಕಳೆದುಕೊಂಡಿದ್ದರು. ತಾನು ಓಡದಿದ್ದರೂ ಪರವಾಗಿಲ್ಲ, ಗೆಳೆಯರನ್ನು ವಾರಕ್ಕೊಮ್ಮೆ ನೋಡಬೇಕು, ಆಮೇಲೆ ಕೂತು ಕಾಫಿ ಕುಡಿಯಬೇಕು ಅನ್ನುವುದೇ ಅವರಿಗೆ ಬೇಕಿದ್ದದ್ದು. ಮೊದಲು ಟೋಕನ್ ಬದಲು ನಂಬರ್ ಕೊರೆದ ವಾಷರ್‌ಗಳನ್ನೇ ಕೊಡುತ್ತಿದ್ದರಂತೆ, ಬೋಲ್ಟಿಗೆ ಹಾಕುವ ವಾಷರ್. 2007ರಲ್ಲಿ ಇದು ಲೀಡ್ಸ್‌ಗೂ ಬಂತು, ನಾನು ಓಡುವ ಇದೇ ಪಾರ್ಕಿಗೆ.

ಹೈಸ್ಕೂಲಿನ ಸ್ಪೋರ್ಟ್ಸ್ ಡೇ ಆದ ಮೇಲೆ ನಾನು ಓಡಿದ್ದೇ ಇಲ್ಲ. ನಮ್ಮೂರಿನಲ್ಲಿ ಬೆಳಗ್ಗೆ ವಾಕಿಂಗ್ ಹೋಗುವ ಹೆಂಗಸರು ಬೇಕಾದಷ್ಟು ಜನ ಇದ್ದಾರೆ. ಆದರೆ ವಯಸ್ಸಿನ ಹುಡುಗಿ ರಸ್ತೆಯಲ್ಲಿ ಓಡಿದರೆ ತಿರುಗಿ ನೋಡುವ ಕಣ್ಣುಗಳು ಇನ್ನೂ ಇವೆ. ಇಲ್ಲಿ ಯಾರೂ ನೋಡಲಿಲ್ಲ. ಒಬ್ಬ ತಾಯಿ ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಓಡುತ್ತಿದ್ದರು, ಇನ್ನೊಬ್ಬರು ಕೈಯಲ್ಲಿ ನಾಯಿಯ ಹಗ್ಗ ಹಿಡಿದುಕೊಂಡಿದ್ದರು. ಕೆಲವರು ಸುಮ್ನೆ ನಡೆಯುತ್ತಿದ್ದರು. ಎಲ್ಲರಿಗಿಂತ ಹಿಂದೆ ಒಬ್ಬ ವಾಲಂಟಿಯರ್ ನಡೆದು ಬರುತ್ತಾರೆ, ಅವರ ಕೆಲಸವೇ ಅದು. ಹಾಗಾಗಿ ಓಡಲು ಬಂದ ಯಾರೂ ಕೊನೆಯವರಾಗುವುದಿಲ್ಲ. ನಿಧಾನವಾಗಿ ಓಡುವ ನನ್ನಂಥವರಿಗೆ ಇದು ಎಷ್ಟು ಧೈರ್ಯ ಕೊಡುತ್ತದೆ ಗೊತ್ತಾ? ಈ ಏರ್ಪಾಡು ಯೋಚಿಸಿದವರಿಗೆ ನಾನು ಮನಸಾರೆ ಕೈ ಮುಗಿಯುತ್ತೇನೆ.

ಗೆಳೆತನಕ್ಕೆ ದೊಡ್ಡ ಸಂಗತಿಗಳು ಬೇಕಿಲ್ಲ, ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ಅದೇ ಮುಖಗಳು ಮತ್ತೆ ಮತ್ತೆ ಸಿಗಬೇಕು. ನಾವು ಊರಲ್ಲಿ ಇದನ್ನು ಯೋಚಿಸುವುದೇ ಇಲ್ಲ, ಯಾಕೆಂದರೆ ಅಲ್ಲಿ ಅದು ತಾನಾಗಿ ಆಗುತ್ತದೆ. ದಿನಾ ಹಾಲು ತರುವಾಗ ಸಿಗುವವರು, ಬಸ್‌ಸ್ಟಾಪಿನಲ್ಲಿ ಸಿಗುವವರು, ದೇವಸ್ಥಾನದಲ್ಲಿ ಸಿಗುವವರು. ಹೊರದೇಶದಲ್ಲಿ ಅದನ್ನು ನಾವೇ ಕಟ್ಟಿಕೊಳ್ಳಬೇಕು. ಪಾರ್ಟಿಯಲ್ಲಿ ಪ್ರತಿ ಸಲ ಹೊಸಬರ ಮುಂದೆ ನಮ್ಮನ್ನು ನಾವು ಮೊದಲಿನಿಂದ ಪರಿಚಯ ಮಾಡಿಕೊಳ್ಳಬೇಕಾಗುತ್ತದೆ. ಪಾರ್ಕಿನಲ್ಲಿ ಹಾಗಲ್ಲ. ಹೋದ ವಾರ ಮಂಡಿ ನೋವು ಅಂದಿದ್ದೆಯಲ್ಲ, ಈಗ ಹೇಗಿದೆ? ಇಲ್ಲಿಂದಲೇ ಮಾತು ಶುರುವಾಗುತ್ತದೆ.

ವಾಲಂಟಿಯರ್ ಆಗಿ ನಿಂತ ದಿನಗಳು ನನಗೆ ಓಡಿದ ದಿನಗಳಿಗಿಂತ ಜಾಸ್ತಿ ಕೊಟ್ಟಿವೆ. ಹಳದಿ ಜಾಕೆಟ್ ಹಾಕಿಕೊಂಡು ಬಾರ್‌ಕೋಡ್ ಸ್ಕ್ಯಾನ್ ಮಾಡುತ್ತಾ ನಿಂತರೆ ಬಂದವರೆಲ್ಲ ಒಂದು ಮಾತಾಡಿಯೇ ಹೋಗುತ್ತಾರೆ. ಚಳಿ ಬಗ್ಗೆ, ಕಾಲುನೋವಿನ ಬಗ್ಗೆ. ಕ್ಲಾಸಿನಲ್ಲಿ ಇಂಗ್ಲಿಷ್ ಮಾತಾಡಲು ಹಿಂಜರಿಯುತ್ತಿದ್ದ ನನ್ನ ಭಯ ಹೋಗಿದ್ದು ಅಲ್ಲೇ. ಎಪ್ಪತ್ತು ದಾಟಿದ ಒಬ್ಬ ನಿವೃತ್ತ ಟೀಚರ್ ಪ್ರತಿ ವಾರ ನನ್ನ ಪಕ್ಕ ನಿಲ್ಲುತ್ತಾರೆ. ಅವರನ್ನು ಬರೀ ಹೆಸರಿನಿಂದ ಕರೆಯಲು ನನ್ನ ನಾಲಿಗೆ ತುಂಬ ದಿನ ಒಪ್ಪಲಿಲ್ಲ. ಚಳಿಗಾಲದ ಕೈಗವಸು ಹೊಸದು ಕೊಳ್ಳಬೇಡ, ಜನ ದಾನ ಕೊಟ್ಟ ಹಳೆ ಸಾಮಾನು ಮಾರುವ ಚಾರಿಟಿ ಶಾಪ್‌ನಲ್ಲಿ ಕಡಿಮೆಗೆ ಸಿಗುತ್ತದೆ ಅಂತ ಹೇಳಿಕೊಟ್ಟವರು ಅವರೇ. ನಾನು ಕೊಟ್ಟ ಚಿತ್ರಾನ್ನ ಅವರಿಗೆ ಖಾರ ಆಯಿತು, ಆದರೂ ಡಬ್ಬಿ ಖಾಲಿ ಮಾಡಿ ಕೊಟ್ಟರು. ಕ್ಯಾಂಪಸ್ಸಿನಲ್ಲಿ ಎಲ್ಲರೂ ನಮ್ಮ ವಯಸ್ಸಿನವರೇ. ಅಜ್ಜಿ ವಯಸ್ಸಿನವರ ಜೊತೆ ಕೂತು ಕಾಫಿ ಕುಡಿಯುವುದು ನನಗೆ ಎಷ್ಟು ಬೇಕಿತ್ತು ಅಂತ ಆಗ ಗೊತ್ತಾಯಿತು.

ಅಲ್ಲಿಂದ ಸೀದಾ ಕಿರ್ಕ್‌ಗೇಟ್ ಮಾರ್ಕೆಟ್‌ಗೆ ಹೋಗುತ್ತೇನೆ. ಭಾನುವಾರ ಅದು ಬಾಗಿಲು ಹಾಕಿರುತ್ತದೆ, ವಾರದ ತರಕಾರಿ ಶನಿವಾರವೇ ಆಗಬೇಕು. 1884ರಲ್ಲಿ ಮೈಕೆಲ್ ಮಾರ್ಕ್ಸ್ ಎಂಬ ವಲಸಿಗ ಎಲ್ಲವೂ ಒಂದು ಪೆನ್ನಿ ನಾಣ್ಯಕ್ಕೆ ಸಿಗುವ ಅಂಗಡಿ ಇಟ್ಟಿದ್ದು ಈ ಮಾರ್ಕೆಟ್ಟಿನಲ್ಲೇ. ಅದೇ ಮುಂದೆ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಎಂಬ ದೊಡ್ಡ ಅಂಗಡಿ ಸರಣಿ ಆಯಿತು. ಅವರಿಗೂ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ಸಂಜೆ ನಮ್ಮ ಕನ್ನಡದವರ ಮನೆಯಲ್ಲಿ ಸಾರು, ಪಲ್ಯ, ಹರಟೆ.

ಭಾನುವಾರ ಯೂನಿವರ್ಸಿಟಿಯ ಕೆಲವರ ಜೊತೆ ಕಾಲುವೆ ದಂಡೆಯಲ್ಲಿ ಉದ್ದದ ಓಟ. ಲೀಡ್ಸ್‌ನಿಂದ ಲಿವರ್‌ಪೂಲ್‌ಗೆ ಹೋಗುವ 204 ಕಿಲೋಮೀಟರ್ ಕಾಲುವೆ ಇದು, 1816ರಲ್ಲಿ ಪೂರ್ತಿಯಾಗಿದ್ದು. ಹಿಂದೆ ಕುದುರೆಗಳು ದೋಣಿ ಎಳೆಯುತ್ತಾ ನಡೆಯುತ್ತಿದ್ದ ದಾರಿಯಲ್ಲಿ ಈಗ ನಾವು ಓಡುತ್ತೇವೆ. ದಾರಿ ಕಿರಿದು, ಇಬ್ಬಿಬ್ಬರೇ ಜೊತೆಯಾಗಬೇಕು. ಪಕ್ಕಪಕ್ಕ ಓಡುವಾಗ ಮುಖ ನೋಡಿ ಮಾತಾಡಬೇಕಿಲ್ಲ. ಮಾತು ನಿಂತರೂ ಮುಜುಗರ ಇಲ್ಲ. ಅಪ್ಪನ ಆಪರೇಷನ್ ಹೊತ್ತಿಗೆ ಊರಿಗೆ ಹೋಗಲು ಆಗದೆ ಇದ್ದಾಗ ನನ್ನ ಸಂಕಟವನ್ನು ಮೊದಲು ಹೇಳಿಕೊಂಡಿದ್ದು ಈ ದಾರಿಯಲ್ಲೇ, ಒಬ್ಬ ನೈಜೀರಿಯಾದ ಹುಡುಗಿಯ ಹತ್ತಿರ. ಅವಳೂ ತನ್ನ ಅಮ್ಮನ ಬಗ್ಗೆ ಹೇಳಿದಳು. 1152ರಲ್ಲಿ ಕಟ್ಟಲು ಶುರುಮಾಡಿದ ಕಿರ್ಕ್‌ಸ್ಟಾಲ್ ಮಠದ ಹಾಳು ಗೋಡೆಗಳ ತನಕ ಹೋಗಿ ವಾಪಸ್ ಬಂದೆವು.

ತಂದೆತಾಯಂದಿರಿಗೂ ಒಂದು ಮಾತು. ಭಾನುವಾರದ ಫೋನಿನಲ್ಲಿ ಊಟ ಆಯ್ತಾ, ಓದಿದೆಯಾ ಅಂತ ಕೇಳಿ. ಜೊತೆಗೆ ಈ ವಾರ ಯಾರ ಜೊತೆ ಹೊರಗೆ ಹೋಗಿದ್ದೆ ಅಂತಲೂ ಕೇಳಿ. ಯಾರ ಜೊತೆಯೂ ಇಲ್ಲ ಅನ್ನುವ ಉತ್ತರ ವಾರ ವಾರ ಬರುತ್ತಿದ್ದರೆ ದಯವಿಟ್ಟು ಅದನ್ನು ಮಗ ಓದಿನಲ್ಲಿ ಮುಳುಗಿದ್ದಾನೆ ಅಂದುಕೊಳ್ಳಬೇಡಿ.

ಕೆಲಸ ಮಾಡುವವರು ಮ್ಯಾನೇಜರ್ ಹತ್ತಿರ ಶನಿವಾರ ಮಧ್ಯಾಹ್ನದ ಮೇಲಿನ ಶಿಫ್ಟ್ ಕೇಳಿ ನೋಡಿ. ನಾನು ಕೇಳಿದ ಮೊದಲ ಕಡೆ ಒಪ್ಪಲಿಲ್ಲ, ಆ ಕೆಲಸ ಬಿಟ್ಟೆ. ಈಗಿನ ಕಡೆ ಒಪ್ಪಿದ್ದಾರೆ. ತಿಂಗಳಿಗೆ ಸ್ವಲ್ಪ ಕಡಿಮೆ ಬರುತ್ತದೆ. ನನಗೆ ಅದು ಒಪ್ಪಿಗೆ. ಓಡಲು ಆಗದಿದ್ದರೆ ಹಾಡುವ ಗುಂಪು ಸೇರಿ, ಕ್ರಿಕೆಟ್ ಆಡಿ, ತೋಟದ ಕೆಲಸಕ್ಕೆ ಹೋಗಿ. ಪ್ರತಿ ವಾರ ನಡೆಯುವಂಥದ್ದು ಆಗಿರಲಿ.

ಲೀಡ್ಸ್‌ಗೆ ಬರುವವರು ಮೆಸೇಜ್ ಮಾಡಿ. ಊರಿನಲ್ಲಿದ್ದಾಗಲೇ ಬಾರ್‌ಕೋಡ್ ಮಾಡಿಸಿಟ್ಟುಕೊಳ್ಳಿ, ಇರುವ ಶೂ ಸಾಕು. ಸ್ಕಾಟ್ಲೆಂಡಿಗೆ ಹೋಗುವವರಿಗೆ ಅಲ್ಲಿ ಶುರುವಾಗುವುದು 9:30ಕ್ಕೆ. ನಮ್ಮಲ್ಲಿ 9ಕ್ಕೆ, ಆದರೆ ಹೊಸಬರಿಗೆ ಅದಕ್ಕೂ ಮೊದಲೇ ಎಲ್ಲ ವಿವರಿಸುತ್ತಾರೆ. ಅದಕ್ಕೆ 8:45ಕ್ಕೆ ಬಂದುಬಿಡಿ.