ಸಿಮೆಂಟ್ ಜಾಸ್ತಿ ಹಾಕಿದರೆ ಗೋಡೆ ಬಿರುಕು ಬಿಡಲ್ವಾ?

‘ಪ್ಲಾಸ್ಟರಿಂಗ್‌ಗೆ ಸಿಮೆಂಟ್ ಜಾಸ್ತಿ ಹಾಕಿಸಿ, ಬಿರುಕು ಬರಲ್ಲ’ ಎಂಬ ಫಾರ್ವರ್ಡ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ನಿಜ ಇದಕ್ಕೆ ಉಲ್ಟಾ. ಸಿಮೆಂಟ್ ಜಾಸ್ತಿಯಾದಷ್ಟೂ ಗಾರೆ ಒಣಗುವಾಗ ಹೆಚ್ಚು ಕುಗ್ಗುತ್ತದೆ. ಗೋಡೆ ಮೇಲೆ ಜೇಡರ ಬಲೆಯಂಥ ಸಣ್ಣ ಬಿರುಕು ಕಾಣಿಸಿಕೊಳ್ಳುವುದು ಆಗಲೇ. ಒಳಗೋಡೆಗೆ ಸಾಮಾನ್ಯವಾಗಿ 1 ಪಾಲು ಸಿಮೆಂಟಿಗೆ 6 ಪಾಲು ಮರಳು ಸಾಕು. ಮಳೆ ಬಡಿಯುವ ಹೊರಗೋಡೆಗೆ 1ಕ್ಕೆ 4.

ಬೇಗ ಒಣಗಲಿ ಅಂತ ಫ್ಯಾನ್ ಹಾಕುವವರೂ ಇದ್ದಾರೆ! ಸಿಮೆಂಟಿಗೆ ಬಲ ಬರುವುದು ಒಣಗುವುದರಿಂದ ಅಲ್ಲ, ಅದು ನೀರಿನ ಜೊತೆ ಸೇರಿ ನಡೆಯುವ ರಾಸಾಯನಿಕ ಕ್ರಿಯೆಯಿಂದ. ನೀರು ಬೇಗ ಆರಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಆಮೇಲೆ ಉಗುರಿನಿಂದ ಕೆರೆದರೂ ಪುಡಿ ಉದುರುತ್ತದೆ. ಕನಿಷ್ಠ 7 ದಿನ ಗೋಡೆ ಒದ್ದೆಯಾಗಿರಲಿ. ಮೇಸ್ತ್ರಿ ಪೈಪ್ ಹಿಡಿದು ಕ್ಯೂರಿಂಗ್ ಮಾಡುವಾಗ ‘ಸುಮ್ನೆ ನೀರು ವೇಸ್ಟ್’ ಅಂತ ತಡೆಯಬೇಡಿ.