ಮುಚ್ಚಳ ತೆಗೆಯದೆ ಬರ್ಬನ್ ಸವಿಯುವ ವಿಧಾನ

ಪೀಪಾಯಿಯಲ್ಲಿ ಇಪ್ಪತ್ಮೂರು ವರ್ಷ ಮಾಗಿದ ಪ್ಯಾಪಿ ವ್ಯಾನ್ ವಿಂಕಲ್ ಎಂಬ ಬರ್ಬನ್ (ಅಮೆರಿಕದ ಮೆಕ್ಕೆಜೋಳದ ವಿಸ್ಕಿ) ಬಾಟಲಿ ಕೈಗೆ ಸಿಕ್ಕರೆ ಮೊದಲು ಫೋಟೊ ತೆಗೆಯಬೇಕು. ಆಮೇಲೆ ಬೀರುವಿಗೆ ಸೇರಿಸಿ ಬೀಗ ಜಡಿಯಬೇಕು. ಆಮೇಲೆ ಅಂತ ಏನೂ ಇಲ್ಲ. ಅಮೆರಿಕದಲ್ಲಿ ಹಳೆಯ ಬರ್ಬನ್ ಸವಿಯುವ ಶಾಸ್ತ್ರ ಸದ್ಯಕ್ಕೆ ಇಲ್ಲಿಗೆ ಸಮಾಪ್ತಿ.

ಈ ಶಾಸ್ತ್ರದ ಮಹಾಪಂಡಿತರಿದ್ದದ್ದು ಒರೆಗಾನ್ ರಾಜ್ಯದ ಮದ್ಯ ಮತ್ತು ಗಾಂಜಾ ಆಯೋಗದಲ್ಲಿ. (ಹೌದು, ಎರಡಕ್ಕೂ ಸೇರಿ ಒಂದೇ ಆಯೋಗ.) ಅಲ್ಲಿ ವಿಸ್ಕಿ ಮಾರಾಟದ ಜುಟ್ಟು ಸರ್ಕಾರದ ಕೈಯಲ್ಲಿದೆ. ಅಪರೂಪದ ಬಾಟಲಿ ಬೇಕಾದವರು ಲಾಟರಿಗೆ ಹೆಸರು ಕೊಡಬೇಕು. ಗೆದ್ದವನಿಗೆ ಸಿಗುವ ಬಹುಮಾನ, ಸ್ವಂತ ದುಡ್ಡು ಕೊಟ್ಟು ಬಾಟಲಿ ಕೊಳ್ಳುವ ಹಕ್ಕು. 2023ರಲ್ಲಿ ಹೊರಬಿದ್ದ ಸಂಗತಿ ಏನೆಂದರೆ, ಆಯೋಗದ ಕೆಲವು ಹಿರಿಯ ಅಧಿಕಾರಿಗಳು ಇಂಥ ಬಾಟಲಿಗಳನ್ನು ತಮಗೆ ಅನುಕೂಲವಾದ ಅಂಗಡಿಗೆ ಕಳಿಸಿ, ತಾವೇ ಹೋಗಿ ಕೊಂಡು ತರುತ್ತಿದ್ದರು. ಬೇಲಿ ಎದ್ದು ಹೊಲ ಮೇಯುವುದನ್ನು ನಾವೆಲ್ಲ ಕಂಡಿದ್ದೇವೆ. ಇಲ್ಲಿ ಬೇಲಿ ಕೌಂಟರಿಗೆ ಹೋಗಿ, ಪೂರ್ತಿ ದುಡ್ಡು ಕೊಟ್ಟು, ಬಿಲ್ಲು ಇಸಿದುಕೊಂಡು ಮೇಯಿತು. ನಿರ್ದೇಶಕರು ರಾಜೀನಾಮೆ ಕೊಟ್ಟರು. ಮರುವರ್ಷ, ಕ್ರಿಮಿನಲ್ ಮೊಕದ್ದಮೆಗೆ ಪುರಾವೆ ಸಾಲದು ಅಂತಾಯಿತು. ಅತ್ತ ವರ್ಜೀನಿಯಾದಲ್ಲಿ, ಯಾವ ಅಂಗಡಿಗೆ ಯಾವ ಬರ್ಬನ್ ಬರುತ್ತದೆ ಎಂಬ ಸರ್ಕಾರಿ ಪಟ್ಟಿಯನ್ನೇ ನೌಕರನೊಬ್ಬ ಹೊರಗೆ ಬಿಟ್ಟು, 2022ರಲ್ಲಿ ತಪ್ಪೊಪ್ಪಿಕೊಂಡ. ಸೋರಿದ್ದು ವಿಸ್ಕಿಯಲ್ಲ, ಪಟ್ಟಿ.

ಹಾಗಂತ ಬರ್ಬನ್‌ಗೆ ಬರಗಾಲವೇನೂ ಬಂದಿಲ್ಲ. ಬರ್ಬನ್‌ನ ತವರಾದ ಕೆಂಟಕಿ ರಾಜ್ಯದ ಜನಸಂಖ್ಯೆ 45 ಲಕ್ಷದ ಆಸುಪಾಸು. ಅಲ್ಲಿನ ಗೋದಾಮುಗಳಲ್ಲಿ ಮಲಗಿರುವ ಪೀಪಾಯಿಗಳು ಒಂದೂವರೆ ಕೋಟಿಗೂ ಹೆಚ್ಚು. ಬರಗಾಲ ಇರುವುದು ಲೇಬಲ್ಲಿನ ಮೇಲೆ ವಯಸ್ಸು ಹೇಳುವ ದೊಡ್ಡ ಅಂಕಿಗೆ ಮಾತ್ರ.

ಆ ಅಂಕಿಯ ಕತೆ ಕೇಳಿ. ಬರ್ಬನ್ ಅನ್ನಿಸಿಕೊಳ್ಳಲು ಧಾನ್ಯದಲ್ಲಿ ಶೇ. 51ರಷ್ಟಾದರೂ ಮೆಕ್ಕೆಜೋಳ ಇರಬೇಕು, ಪೀಪಾಯಿಗೆ ಇಳಿಯುವಾಗ ಆಲ್ಕೋಹಾಲ್ ಶೇ. 62.5 ಮೀರಬಾರದು, ಒಳಮೈ ಸುಟ್ಟ ಓಕ್ ಪೀಪಾಯಿ ಪ್ರತಿ ಸಲವೂ ಹೊಸದೇ ಆಗಬೇಕು. ಸ್ಕಾಚ್‌ನವರು ಬಹುಪಾಲು ಇದೇ ಪೀಪಾಯಿಗಳನ್ನು ಸೆಕೆಂಡ್‌ಹ್ಯಾಂಡಿನಲ್ಲಿ ತಂದು ತಂಪು ಹವೆಯಲ್ಲಿ ಇಡುತ್ತಾರೆ, ಆದ್ದರಿಂದ ಅವರಿಗೆ ಇಪ್ಪತ್ತು ವರ್ಷ ದೊಡ್ಡದಲ್ಲ. ಕೆಂಟಕಿಯ ಬೇಸಿಗೆಯಲ್ಲಿ, ಗೋದಾಮಿನ ಮೇಲಂತಸ್ತಿನ ಕಾವಿನಲ್ಲಿ, ಹೊಸ ಮರ ತನ್ನ ರಸವನ್ನೆಲ್ಲ ಬೇಗ ಬಿಟ್ಟುಕೊಡುತ್ತದೆ. ವೆನಿಲಾ, ಲವಂಗ, ಕೊಬ್ಬರಿ, ಆಲೆಮನೆಯ ಕೊಪ್ಪರಿಗೆ ತಳ ಹಿಡಿದಾಗ ಏಳುವ ಬೆಲ್ಲದ ಘಮ, ಎಲ್ಲ ಆರರಿಂದ ಹನ್ನೆರಡು ವರ್ಷದೊಳಗೆ ಹದಕ್ಕೆ ಬಂದಿರುತ್ತವೆ. ಆಮೇಲೆ ಇಳಿಯುವುದು ಚೊಗರು. ಪೀಪಾಯಿಯನ್ನು ತಂಪು ಕೆಳಅಂತಸ್ತಿನಲ್ಲಿಟ್ಟು ಕಾಪಾಡದಿದ್ದರೆ 23 ವರ್ಷಕ್ಕೆ ಸಿಗುವುದು ವಿಸ್ಕಿಯಲ್ಲ, ಮರದ ಕಷಾಯ. ಜೊತೆಗೆ ಆವಿಯಾಗುವ ‘ದೇವತೆಗಳ ಪಾಲು’ ಬೇರೆ: ವರ್ಷಕ್ಕೆ ನೂರಕ್ಕೆ ನಾಲ್ಕು ಅಂತ ಹಿಡಿದರೂ 200 ಲೀಟರಿನಲ್ಲಿ ಕೊನೆಗೆ ಉಳಿಯುವುದು 80ರೊಳಗೆ. ಒರೆಗಾನಿನ ಅಧಿಕಾರಿಗಳಾದರೂ ದುಡ್ಡು ಕೊಟ್ಟಿದ್ದರು, ದೇವತೆಗಳು ಅದನ್ನೂ ಕೊಡುವುದಿಲ್ಲ.

ಅಕಸ್ಮಾತ್ ಯಾರಾದರೂ ದುಡುಕಿ ಮುಚ್ಚಳ ತೆಗೆದೇಬಿಟ್ಟರೆ? ಅಂಥ ಅನಾಹುತಕ್ಕೆ ಈ ಪ್ರಥಮ ಚಿಕಿತ್ಸೆ. ಹೊಟ್ಟೆ ಅಗಲ, ಬಾಯಿ ಕಿರಿದಾದ ಲೋಟಕ್ಕೆ 30 ಎಂಎಲ್ ಸುರಿದು ಹತ್ತು ನಿಮಿಷ ಸುಮ್ಮನೆ ಬಿಡಿ. ವರ್ಷಕ್ಕೊಂದು ನಿಮಿಷ ಕಾಯಬೇಕು ಅನ್ನುವ ಸಂಪ್ರದಾಯಸ್ಥರಿದ್ದಾರೆ. 23 ನಿಮಿಷ ಲೋಟ ನೋಡುತ್ತ ಕೂರಲು ಅವರಿಗೆ ಪುರುಸೊತ್ತಿದೆ. ವೈನ್‌ನಂತೆ ಗರಗರ ತಿರುಗಿಸಬೇಡಿ, ಸ್ಪಿರಿಟ್ಟೇ ಎದ್ದು ಬಂದು ಮೂಗು ಮರಗಟ್ಟುತ್ತದೆ. ಲೋಟವನ್ನು ಗಲ್ಲದ ಹತ್ತಿರ ಹಿಡಿದು, ಬಾಯಿ ತುಸು ತೆರೆದು, ಮೆಲ್ಲಗೆ ಮೇಲಕ್ಕೆ ತನ್ನಿ. ಮೂಗು ಉರಿದರೆ ಹತ್ತಿರವಾಯಿತು ಅಂತ ಅರ್ಥ.

ಮೊದಲ ಗುಟುಕು ನಾಲಿಗೆ ಒದ್ದೆಯಾಗುವಷ್ಟು ಸಾಕು, ಅದರ ಮೇಲೆ ತೀರ್ಪು ಕೊಡುವ ಹಾಗಿಲ್ಲ. ಖಾರಕ್ಕೆ ಬಾಯಿ ಒಗ್ಗಿಕೊಳ್ಳಲಿ ಅಂತ ಅದು. ಎರಡನೆಯದನ್ನು ಅಗಿಯಬೇಕು, ದವಡೆ ಆಡಿಸಿ ಬಾಯಿ ತುಂಬ ಓಡಾಡಿಸುವ ಇದಕ್ಕೆ ಕೆಂಟಕಿ ಅಗಿತ ಅಂತಲೇ ಹೆಸರು. ನುಂಗಿದ ಮೇಲೆ ಸಿಹಿ ನಿಂತರೆ ಪೀಪಾಯಿ ಒಳ್ಳೆಯದು. ಎಳೆ ಬಾಳೆಕಾಯಿ ಕಚ್ಚಿದ ಹಾಗೆ ಒಸಡು ಹಿಡಿದುಕೊಂಡರೆ ಮರ ಗೆದ್ದಿದೆ. ಶೇ. 53.5ರ ವಿಸ್ಕಿಯಾದರೆ ಅರ್ಧ ಟೀ ಚಮಚ ನೀರು ಹಾಕಿ ನೋಡಿ: 30 ಎಂಎಲ್‌ಗೆ ಎರಡೂವರೆ ಎಂಎಲ್ ಸೇರಿದರೆ 49ರ ಸುಮಾರಿಗೆ ಇಳಿಯುತ್ತದೆ, ಅಡಗಿದ್ದ ಪರಿಮಳ ಬಿಚ್ಚಿಕೊಳ್ಳುತ್ತದೆ. ಹಳೆಯ ಬರ್ಬನ್‌ಗೆ ಐಸ್ ಹಾಕಿದಿರೋ, ಘಮ ಮಂಕಾಗಿ ಚೊಗರೊಂದೇ ಎದ್ದು ನಿಲ್ಲುತ್ತದೆ. ಖಾಲಿ ಲೋಟ ತೊಳೆಯಬೇಡಿ. ಮರುದಿನ ಬೆಳಿಗ್ಗೆ ಮೂಸಿದರೆ ಒಣ ಓಕ್ ಮತ್ತು ವೆನಿಲಾ ಸ್ಪಷ್ಟವಾಗಿ ಸಿಗುತ್ತವೆ.

ಬೀರುವಿನ ಭಕ್ತರಿಗೂ ಎರಡು ಮಾತು. ಬಾಟಲಿಗೆ ಬಿದ್ದ ದಿನವೇ ವಿಸ್ಕಿಯ ವಯಸ್ಸು ನಿಂತಿತು. ನೀವು ಇನ್ನು ಹತ್ತು ವರ್ಷ ಇಟ್ಟರೆ ವಯಸ್ಸಾಗುವುದು ನಿಮಗೆ. ವೈನ್‌ನಂತೆ ಅಡ್ಡ ಮಲಗಿಸಿದರೆ ಕಾರ್ಕನ್ನು ಸ್ಪಿರಿಟ್ ತಿನ್ನುತ್ತದೆ, ತೆಗೆಯುವಾಗ ಅದು ಪುಡಿಯಾಗಿ ಒಳಗೆ ಬೀಳುತ್ತದೆ. ನೆಟ್ಟಗೆ ನಿಲ್ಲಿಸಿ, ಬಿಸಿಲು ತಾಗದಂತೆ ಇಡಿ.

ಕುಡಿದು ಮುಗಿಸಿದವರೂ ನಷ್ಟವಾಯಿತೆಂದು ಕೊರಗಬೇಕಿಲ್ಲ. ಪ್ಯಾಪಿಯ ಖಾಲಿ ಬಾಟಲಿಗೂ ಅಲ್ಲಿ ಗಿರಾಕಿಗಳಿದ್ದಾರೆ, ಮಖಮಲ್ಲಿನ ಚೀಲ ಇದ್ದರೆ ರೇಟೇ ಬೇರೆ. ಗಾಜಿಗೆ ಇಷ್ಟು ದುಡ್ಡು ಸುರಿದು ಏನು ಮಾಡುತ್ತಾರೆ ಅಂತ ಮುಗ್ಧರು ಕೇಳಬಹುದು. ಪ್ಯಾಪಿ ಹುಟ್ಟುವ ಬಫೆಲೊ ಟ್ರೇಸ್ ಭಟ್ಟಿಯಲ್ಲೇ ತಯಾರಾಗುವ, ಪ್ಯಾಪಿಯ ಹಾಗೇ ಗೋಧಿ ಬೆರೆತ, ವಯಸ್ಸಿನಲ್ಲಿ ಮಾತ್ರ ಕಿರಿಯನಾದ ವೆಲ್ಲರ್ ಎಂಬ ಬರ್ಬನ್ ಇದೆ. ಅದನ್ನು ತುಂಬಿಸಿ, ಹೊಸ ಕಾರ್ಕ್ ಒತ್ತಿ, ಬಾಯಿಗೆ ಬಣ್ಣದ ಹಾಳೆ ಸುತ್ತಿದರೆ ಆಯಿತು. ಕೊಂಡವನಿಗೆ ರುಚಿಯಲ್ಲಿ ಗೊತ್ತಾದೀತು ಅನ್ನುವ ಭಯವೂ ಇಲ್ಲ. ಅವನು ಮುಚ್ಚಳ ತೆಗೆಯುವವನಲ್ಲ.